ನಲವತ್ತರ ಆಸುಪಾಸಿನಲ್ಲಿ ಮೇಷ್ಟ್ರಾಗಲು ಹೊರಟವರಿಗೆ

ಆಫೀಸು ಸಾಕಾಗಿದೆ, ಮಕ್ಕಳಿಗೆ ಪಾಠ ಹೇಳುವ ಆಸೆ ಇದೆ, ಬಿ.ಇಡಿ. ಮಾಡಲಾ ಎಂದು ಕೇಳುವವರು ಈಗ ಜಾಸ್ತಿ. ಬ್ಯಾಂಕಿನವರು, ಸಾಫ್ಟ್‌ವೇರ್‌ನವರು, ಮಕ್ಕಳು ಕಾಲೇಜಿಗೆ ಹೋದ ಮೇಲೆ ಮತ್ತೆ ಕೆಲಸಕ್ಕೆ ಹೊರಟ ತಾಯಂದಿರು, ಎಲ್ಲರೂ ಇದ್ದಾರೆ. ನಾನು ಬಿಎಸ್ಸಿ ಓದಿ, ವರ್ಷಗಟ್ಟಲೆ ಲೆಕ್ಕಪತ್ರ ನೋಡಿಕೊಂಡಿದ್ದು, ಆಮೇಲೆ ಬಿ.ಇಡಿ. ಮಾಡಿ ಹೈಸ್ಕೂಲಿಗೆ ಗಣಿತದ ಟೀಚರ್ ಆದವಳು. ಅದಕ್ಕೇ ನನ್ನನ್ನು ಕೇಳುತ್ತಾರೆ.

ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಎಷ್ಟನೇ ಕ್ಲಾಸಿಗೆ? ಬಹಳ ಜನ ತಬ್ಬಿಬ್ಬಾಗುತ್ತಾರೆ. ಟೀಚರ್ ಆಗಬೇಕು ಎಂದಷ್ಟೇ ಯೋಚಿಸಿರುತ್ತಾರೆ. ಇಪ್ಪತ್ತೆರಡರ ಹುಡುಗಿ ಒಂದು ಕೋರ್ಸು ತಪ್ಪಿ ಸೇರಿದರೆ ಇನ್ನೊಂದು ಮಾಡಬಹುದು. ನಮಗೆ ಅಷ್ಟು ಸಮಯವಿಲ್ಲ. ಹಾಗಾಗಿ ಯಾವ ತರಗತಿ, ಯಾವ ವಿಷಯ, ಯಾವ ಥರದ ಶಾಲೆ ಎಂಬುದನ್ನು ಮೊದಲು ತೀರ್ಮಾನಿಸಿ. ಕೋರ್ಸು, ರಾಜೀನಾಮೆ ಎಲ್ಲ ಆಮೇಲೆ. ಈ ಬರಹ ಕರ್ನಾಟಕದಲ್ಲಿ ಕಲಿಸಬೇಕು ಎನ್ನುವವರಿಗೆ.

1. ತರಗತಿ ಗೊತ್ತು ಮಾಡಿಕೊಳ್ಳಿ

1ರಿಂದ 5ನೇ ತರಗತಿಗೆ ಬೇಕಾದದ್ದು ಡಿ.ಇಎಲ್.ಇಡಿ., ನಮ್ಮ ಕಾಲದವರು ಟಿಸಿಎಚ್, ಡಿ.ಇಡಿ. ಎನ್ನುತ್ತಿದ್ದ ಕೋರ್ಸು. ಪಿಯುಸಿ ಆದ ಮೇಲೆ 2 ವರ್ಷ. ಬಿ.ಇಡಿ. ಇದ್ದರೆ ಎಲ್ಲಕ್ಕೂ ನಡೆಯುತ್ತದೆ ಎಂದು ಈಗಲೂ ಹೇಳುವವರಿದ್ದಾರೆ. 2018ರಲ್ಲಿ ಎನ್‌ಸಿಟಿಇ, ಅಂದರೆ ಶಿಕ್ಷಕರ ತರಬೇತಿಗೆ ನಿಯಮ ಮಾಡುವ ಕೇಂದ್ರ ಸಂಸ್ಥೆ, ಹಾಗೊಂದು ದಾರಿ ಬಿಟ್ಟಿತ್ತು, ನಿಜ. ಆದರೆ 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಮುಚ್ಚಿತು. ಚಿಕ್ಕ ಮಕ್ಕಳಿಗೆ ಕಲಿಸುವ ತರಬೇತಿಯೇ ಬೇರೆ, ಬಿ.ಇಡಿ.ಯಲ್ಲಿ ಅದಿಲ್ಲ ಎಂಬುದು ಕಾರಣ. ನನಗೆ ಅದು ಸರಿ ಎನಿಸುತ್ತದೆ. ಒಂದನೇ ಕ್ಲಾಸಿನ ಮಗುವಿಗೆ ಅಕ್ಷರ ಕಲಿಸುವುದು ಹತ್ತನೇ ಕ್ಲಾಸಿಗೆ ಬೀಜಗಣಿತ ಕಲಿಸುವುದಕ್ಕಿಂತ ಕಷ್ಟ. ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳು ಚಟುವಟಿಕೆಯಿಂದ ಕಲಿಯುವ ನಲಿಕಲಿ ತರಗತಿಯಲ್ಲಿ ಅರ್ಧ ದಿನ ಕೂತು ಬನ್ನಿ, ಗೊತ್ತಾಗುತ್ತದೆ.

6ರಿಂದ 8ಕ್ಕೆ ಪದವಿ, ಅದರ ಜೊತೆ ಬಿ.ಇಡಿ. ಅಥವಾ ಡಿ.ಇಎಲ್.ಇಡಿ., ಮೇಲೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ). 9, 10ಕ್ಕೆ ಪದವಿ ಮತ್ತು ಬಿ.ಇಡಿ. ಪಿಯು ಕಾಲೇಜಿಗಾದರೆ ಸ್ನಾತಕೋತ್ತರ ಪದವಿ ಮತ್ತು ಬಿ.ಇಡಿ. ಎಲ್‌ಕೆಜಿ, ಯುಕೆಜಿಗೆ ಮಾಂಟೆಸ್ಸರಿ, ಎನ್‌ಟಿಟಿ (ನರ್ಸರಿ ಟೀಚರ್ ತರಬೇತಿ) ಥರದ ಡಿಪ್ಲೊಮಾ ನಡೆಯುತ್ತದೆ. ಆದರೆ ಆ ಡಿಪ್ಲೊಮಾ ಹಿಡಿದುಕೊಂಡು ಮುಂದೆ ಒಂದನೇ ತರಗತಿಗೆ ಬಡ್ತಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ವಿಷಯ. ನಿಮ್ಮ ಹಳೆಯ ಡಿಗ್ರಿ ಮಾರ್ಕ್ಸ್ ಕಾರ್ಡ್ ಹುಡುಕಿ ತೆಗೆಯಿರಿ. ಇಪ್ಪತ್ತು ವರ್ಷದ ಅನುಭವವನ್ನು ಇಲ್ಲಿ ಯಾರೂ ನೋಡುವುದಿಲ್ಲ. ನೋಡುವುದು ಡಿಗ್ರಿಯಲ್ಲಿ ಯಾವ ವಿಷಯಗಳನ್ನು ಓದಿದ್ದೀರಿ, ಶೇಕಡಾ ಎಷ್ಟು ಬಂದಿದೆ ಎಂದು. ಎನ್‌ಸಿಟಿಇ ನಿಯಮದ ಪ್ರಕಾರ ಬಿ.ಇಡಿ.ಗೆ ಪದವಿ ಅಥವಾ ಸ್ನಾತಕೋತ್ತರದಲ್ಲಿ ಶೇ. 50 ಬೇಕು. ವಿಜ್ಞಾನ, ಗಣಿತ ಓದಿದ ಎಂಜಿನಿಯರುಗಳಿಗೆ ಶೇ. 55. ಮೀಸಲಾತಿ ಇರುವವರಿಗೆ ಸಡಿಲಿಕೆ ಇದೆ. ಡಿಗ್ರಿಯಲ್ಲಿ ಶೇ. 47 ಬಂದಿದ್ದು, ಆಮೇಲೆ ಎಂ.ಎ. ಮಾಡಿ ಶೇ. 55 ತೆಗೆದಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ವಯಸ್ಸಿನ ಬಗ್ಗೆ ಹೇಳುವುದಾದರೆ, ಎನ್‌ಸಿಟಿಇ ನಿಯಮದಲ್ಲಿ ಬಿ.ಇಡಿ.ಗೆ ಗರಿಷ್ಠ ವಯಸ್ಸು ಎಂಬುದಿಲ್ಲ.

ಬಿಕಾಂ, ಬಿಬಿಎ ಮಾಡಿದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಹತ್ತನೇ ತರಗತಿವರೆಗೆ ವಾಣಿಜ್ಯ ಅನ್ನುವ ಪ್ರತ್ಯೇಕ ವಿಷಯವೇ ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿಲ್ಲ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ವ್ಯವಹಾರ ಅಧ್ಯಯನದ ಪಾಠಗಳಿವೆ, ಆದರೆ ಅಷ್ಟಕ್ಕೆ ಪ್ರತ್ಯೇಕ ಟೀಚರ್ ಇಟ್ಟುಕೊಳ್ಳುವುದಿಲ್ಲ. ನಿಮಗೆ ಸಹಜವಾದ ಜಾಗ ಪಿಯು ಅಥವಾ ಸಿಬಿಎಸ್‌ಇಯ 11, 12. ಅಂದರೆ ಎಂಕಾಂ ಕೂಡ ಬೇಕು. ಎಂಕಾಂ ಇಲ್ಲದಿದ್ದರೆ ಒಟ್ಟು ನಾಲ್ಕು ವರ್ಷದ ಓದು ಮುಂದಿದೆ. ಇದನ್ನು ಮೊದಲೇ ತಿಳಿದು ಹೊರಡುವುದು ಒಳ್ಳೆಯದು.

ಕನ್ನಡ ಓದಿದವರಿಗೆ ಒಂದು ಒಳ್ಳೆಯ ಸುದ್ದಿ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಿಂದಾಗಿ ರಾಜ್ಯದ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳೂ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕು. ಮನೆಯಲ್ಲಿ ಹಿಂದಿ, ತಮಿಳು, ಮಲಯಾಳಂ ಮಾತಾಡುವ ಮಗುವಿಗೆ ಕನ್ನಡ ಕಲಿಸಬಲ್ಲವರನ್ನು ಬೆಂಗಳೂರಿನ ಶಾಲೆಗಳು ಹುಡುಕುತ್ತಲೇ ಇರುತ್ತವೆ. ಕವಿತೆಯ ಸಾರಾಂಶ ಹೇಳುವವರು ಅವರಿಗೆ ಬೇಡ. ‘ನೀರು ಬೇಕು’ ಎಂದು ಮಗುವಿನ ಬಾಯಲ್ಲಿ ಹೇಳಿಸುವವರು ಬೇಕು.

2. ಸರ್ಕಾರಿ ನೌಕರಿಯ ಲೆಕ್ಕ, ಮುಚ್ಚುಮರೆ ಇಲ್ಲದೆ

ನಿಮಗೆ ಈಗ 41 ಎಂದಿಟ್ಟುಕೊಳ್ಳಿ. ಬಿ.ಇಡಿ. ಮುಗಿಯುವಾಗ 43 ಅಥವಾ 44. ಅದರ ಮೇಲೆ ನೇಮಕಾತಿ ಅಧಿಸೂಚನೆ ಬರಬೇಕು. ಅದು ವರ್ಷ ವರ್ಷ ಬರುವುದಿಲ್ಲ. 6ರಿಂದ 8ನೇ ತರಗತಿಯ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ 2022ರಲ್ಲಿ ಪರೀಕ್ಷೆ ನಡೆಯಿತು. ಅದರ ಆಯ್ಕೆಪಟ್ಟಿ ಕೋರ್ಟು ಕಚೇರಿ ಅಲೆದು ಮುಗಿಯುವ ಹೊತ್ತಿಗೆ ಎಷ್ಟೋ ಅಭ್ಯರ್ಥಿಗಳು ಹೈರಾಣಾಗಿದ್ದರು. ವಯಸ್ಸಿನ ಮಿತಿ ಪ್ರವರ್ಗದ ಮೇಲೆ ಹೋಗುತ್ತದೆ, ಅಧಿಸೂಚನೆಯಿಂದ ಅಧಿಸೂಚನೆಗೆ ಬದಲಾಗುತ್ತದೆ. ಸಾಮಾನ್ಯ ವರ್ಗದವರಿಗೆ ನಲವತ್ತರ ಆಚೆ ಹೆಚ್ಚು ಅವಕಾಶವಿಲ್ಲ ಎಂದೇ ಲೆಕ್ಕ ಹಾಕಿ. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1ರವರಿಗೆ ಕೆಲವು ವರ್ಷ ಜಾಸ್ತಿ ಸಿಗುತ್ತದೆ. ಕೇಂದ್ರೀಯ ವಿದ್ಯಾಲಯಗಳಲ್ಲಿ ಈವರೆಗೆ ಟಿಜಿಟಿಗೆ (ಪದವೀಧರ ಶಿಕ್ಷಕರು) 35, ಪಿಜಿಟಿಗೆ (ಸ್ನಾತಕೋತ್ತರ ಶಿಕ್ಷಕರು) 40 ಎಂದಿತ್ತು. ಅಲ್ಲಿ ಮಹಿಳೆಯರಿಗೆ 10 ವರ್ಷದ ಸಡಿಲಿಕೆ ಕೊಡುತ್ತಾ ಬಂದಿದ್ದಾರೆ. ನಲವತ್ತು ದಾಟಿದ ಹೆಣ್ಣುಮಕ್ಕಳು ಆ ಬಾಗಿಲನ್ನು ಮರೆಯಬೇಡಿ.

ಪಿಂಚಣಿ ಆಸೆಗೆ ಹೊರಟಿದ್ದರೆ ಇನ್ನೊಂದು ಮಾತು. ರಾಜ್ಯ ಸರ್ಕಾರಿ ಸೇವೆಗೆ 2006ರ ಏಪ್ರಿಲ್ 1ರ ನಂತರ ಸೇರಿದವರು ಎನ್‌ಪಿಎಸ್‌ಗೆ, ಅಂದರೆ ತಿಂಗಳು ತಿಂಗಳು ದುಡ್ಡು ಕಟ್ಟುವ ಹೊಸ ಪಿಂಚಣಿ ಯೋಜನೆಗೆ ಬರುತ್ತಾರೆ. 45ಕ್ಕೆ ಸೇರಿ 60ಕ್ಕೆ ನಿವೃತ್ತಿಯಾದರೆ ಕೈಗೆ ಬರುವುದು 15 ವರ್ಷ ಕಟ್ಟಿದ ದುಡ್ಡಿಗೆ ತಕ್ಕಷ್ಟೇ.

ಸರ್ಕಾರಿ ಶಾಲೆಯಲ್ಲೇ ಕಲಿಸಬೇಕು ಎನ್ನುವವರಿಗೆ ಅತಿಥಿ ಶಿಕ್ಷಕರ ದಾರಿ ಇದೆ. ಖಾಲಿ ಹುದ್ದೆಗಳ ಎದುರು ವರ್ಷಕ್ಕೊಮ್ಮೆ, ಆ ಶೈಕ್ಷಣಿಕ ವರ್ಷಕ್ಕೆ ಮಾತ್ರ ತೆಗೆದುಕೊಳ್ಳುತ್ತಾರೆ. 2025-26ರ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿಸಿದ ಮೇಲೂ ಗೌರವಧನ ತಿಂಗಳಿಗೆ 12 ಸಾವಿರದ ಆಸುಪಾಸು. ಮನೆ ನಡೆಸುವ ದುಡ್ಡಲ್ಲ ಅದು. ಆದರೆ ಮನೆಯಲ್ಲಿ ಇನ್ನೊಬ್ಬರ ಸಂಬಳ ಇದ್ದು, ನಿಮ್ಮೂರಿನ ಶಾಲೆಯಲ್ಲಿ ಗಣಿತಕ್ಕೆ ಟೀಚರಿಲ್ಲದಿದ್ದರೆ, ನಿಮ್ಮನ್ನು ಹೆಡ್‌ಮಾಸ್ಟರ್ ಖುಷಿಯಿಂದಲೇ ಬರಮಾಡಿಕೊಳ್ಳುತ್ತಾರೆ. ಶಾಲೆ ಶುರುವಾಗುವ ದಿನಗಳಲ್ಲಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಕಡೆ ಕಿವಿ ಇಟ್ಟಿರಿ.

ಒಟ್ಟಿನಲ್ಲಿ ನಡುವಯಸ್ಸಿನಲ್ಲಿ ಹೊರಟ ಬಹುಪಾಲು ಜನ ಸೇರುವುದು ಖಾಸಗಿ ಶಾಲೆಗೆ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ. ಸರ್ಕಾರಿ ಕೆಲಸ ಸಿಕ್ಕರೆ ಅದೃಷ್ಟ.

3. ರಾಜೀನಾಮೆಗೆ ಮುಂಚೆ ಕ್ಲಾಸಿನೊಳಗೆ ಒಂದಷ್ಟು ದಿನ

ಮನೆಯಲ್ಲಿ ಒಬ್ಬ ಮಗನಿಗೆ ಲೆಕ್ಕ ಹೇಳಿಕೊಡುವುದು ಒಂದು. ಮಧ್ಯಾಹ್ನದ ಊಟ ಆದ ಮೇಲಿನ ಪೀರಿಯಡ್‌ನಲ್ಲಿ ನಲವತ್ತು ಮಕ್ಕಳ ಎದುರು ನಿಲ್ಲುವುದು ಇನ್ನೊಂದು. ಎರಡಕ್ಕೂ ಸಂಬಂಧ ಕಡಿಮೆ. ಹಾಗಾಗಿ ಕೆಲಸದಲ್ಲಿ ಇರುವಾಗಲೇ ರಜೆ ಹಾಕಿ, ಶನಿವಾರಗಳನ್ನು ಉಳಿಸಿ, ಯಾವುದಾದರೂ ಶಾಲೆಯಲ್ಲಿ ಕಲಿಸಿ ನೋಡಿ. ಓದಿದ ಶಾಲೆ ಇದ್ದೇ ಇರುತ್ತದೆ ಅಲ್ವಾ, ಅಲ್ಲಿಂದಲೇ ಶುರು ಮಾಡಿ. ಹೆಡ್‌ಮಾಸ್ಟರನ್ನು ಕಂಡು, ವಾರಕ್ಕೊಂದು ಪೀರಿಯಡ್ ಕೊಡಿ ಸರ್ ಎಂದು ಕೇಳಿ. ಸರ್ಕಾರಿ ಶಾಲೆಯಾದರೆ ಬಿಇಒ ಒಪ್ಪಿಗೆ ಪತ್ರ ಕೇಳಬಹುದು, ತಂದುಕೊಡಿ. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ. ಭಾನುವಾರ ಕಥೆ ಓದಿ ಹೇಳಲು ಯಾರಾದರೂ ಬಂದರೆ ಗ್ರಂಥಪಾಲಕರು ಬೇಡ ಅನ್ನುವುದಿಲ್ಲ.

ಅಲ್ಲಿ ಗಮನಿಸಬೇಕಾದದ್ದು ನಿಮ್ಮ ಪಾಠ ಚೆನ್ನಾಗಿತ್ತಾ ಎಂದಲ್ಲ. ಹಿಂದಿನ ಬೆಂಚಿನಲ್ಲಿ ಗಲಾಟೆ ಆದಾಗ ನಿಮಗೆ ಸಿಟ್ಟು ಎಷ್ಟು ಬೇಗ ಬರುತ್ತದೆ? ಒಂದೇ ಮಾತನ್ನು ನಾಲ್ಕನೇ ಸಲ ಹೇಳುವಾಗ ದನಿ ಬದಲಾಗುತ್ತದಾ? ಸತತ ಎರಡು ಪೀರಿಯಡ್ ನಿಂತ ಮೇಲೆ ಮಂಡಿ, ಸೊಂಟ, ಗಂಟಲು ಏನನ್ನುತ್ತವೆ? ಮ್ಯಾನೇಜರ್ ಆಗಿದ್ದವರಿಗೆ ಇನ್ನೊಂದು ಕಷ್ಟ. ಆಫೀಸಿನಲ್ಲಿ ಹೇಳಿದ ಮಾತಿಗೆ ಜನ ತಲೆ ಆಡಿಸುತ್ತಾರೆ. ಏಳನೇ ಕ್ಲಾಸಿನ ಹುಡುಗ ಆಡಿಸುವುದಿಲ್ಲ.

ಇದರ ಜೊತೆಗೆ ಪಠ್ಯಪುಸ್ತಕ ಓದಿ. ರಾಜ್ಯದ ಪುಸ್ತಕಗಳ ಪಿಡಿಎಫ್ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮ ವಿಷಯದ 5ರಿಂದ 10ರವರೆಗಿನ ಪುಸ್ತಕಗಳನ್ನು ಕನ್ನಡ, ಇಂಗ್ಲಿಷ್ ಎರಡೂ ಮಾಧ್ಯಮದಲ್ಲಿ ಇಳಿಸಿಕೊಳ್ಳಿ. ಅಕ್ಕಪಕ್ಕ ಇಟ್ಟು ಓದಿ. ಕಾಲೇಜನ್ನು ಇಂಗ್ಲಿಷಿನಲ್ಲಿ ಓದಿದ ಎಷ್ಟೋ ಜನಕ್ಕೆ ಬಹುಪದೋಕ್ತಿ, ದ್ಯುತಿಸಂಶ್ಲೇಷಣೆ, ಲ.ಸಾ.ಅ. ಎಂಬ ಪದಗಳು ಬಾಯಿಗೆ ಬರುವುದಿಲ್ಲ. ಕ್ಲಾಸಿನಲ್ಲಿ ನಿಂತು ತಡಕಾಡುವುದಕ್ಕಿಂತ ಈಗಲೇ ರೂಢಿ ಮಾಡಿಕೊಂಡರೆ ವಾಸಿ. ಇಂಗ್ಲಿಷ್ ಮಾಧ್ಯಮದ ಕ್ಲಾಸಿನಲ್ಲೂ ಅರ್ಧದಷ್ಟು ಮಕ್ಕಳಿಗೆ ಪಾಠ ತಲೆಗೆ ಹೋಗುವುದು ಕನ್ನಡದಲ್ಲಿ ಹೇಳಿದಾಗಲೇ.

4. ದುಡ್ಡು

ಎರಡು ವರ್ಷ ಸಂಬಳವಿಲ್ಲ. ಮೂರನೇ ವರ್ಷ ಸಂಬಳ ಬಂದರೂ ಹಳೆಯದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಮೂರು ವರ್ಷದ ಮನೆಖರ್ಚು ಕೈಯಲ್ಲಿರಬೇಕು, ಅಥವಾ ಮನೆಯಲ್ಲಿ ಇನ್ನೊಬ್ಬರ ಆದಾಯ ಇರಬೇಕು. ಮನೆ ಸಾಲದ ಕಂತು ನಿಮ್ಮ ಸಂಬಳದಿಂದಲೇ ಹೋಗುತ್ತಿದ್ದರೆ ಅದು ತೀರುವ ತನಕ ಕಾಯುವುದರಲ್ಲಿ ನಾಚಿಕೆಯೇನಿಲ್ಲ.

ಬಹಳ ಜನ ಮರೆಯುವುದು ಆರೋಗ್ಯ ವಿಮೆಯನ್ನು. ಕಂಪನಿಯ ಗುಂಪು ವಿಮೆ ಕೆಲಸ ಬಿಟ್ಟ ದಿನವೇ ನಿಲ್ಲುತ್ತದೆ. ನಲವತ್ತರ ಮೇಲೆ ಬಿಪಿ, ಶುಗರ್ ಇದ್ದವರು ಹೊಸ ಪಾಲಿಸಿ ತೆಗೆದುಕೊಂಡರೆ ಮೊದಲಿನಿಂದ ಇದ್ದ ಕಾಯಿಲೆಗೆ ಕಾಯುವ ಅವಧಿ 3 ವರ್ಷದವರೆಗೂ ಇರಬಹುದು. ಹಾಗಾಗಿ ಕೆಲಸ ಬಿಡುವ ಆಲೋಚನೆ ಬಂದ ವರ್ಷವೇ ಸ್ವಂತ ಪಾಲಿಸಿ ಮಾಡಿಸಿ, ಗಡಿಯಾರ ಓಡಲು ಶುರುವಾಗಲಿ. ಪಿಎಫ್ ದುಡ್ಡನ್ನು ಫೀಸಿಗೆ ಮುರಿಯಬೇಡಿ.

5. ಕಾಲೇಜು

ರಾಜ್ಯದಲ್ಲಿ ಬಿ.ಇಡಿ.ಯ ಸರ್ಕಾರಿ ಕೋಟಾದ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ತುಂಬುತ್ತದೆ. ಆನ್‌ಲೈನ್ ಅರ್ಜಿ, ಆಮೇಲೆ ದಾಖಲೆ ಪರಿಶೀಲನೆ, ಅಂಕದ ಮೇಲೆ ಪಟ್ಟಿ. ನಮ್ಮ ಕಾಲದ ಡಿಗ್ರಿ ಅಂಕಗಳು ಈಗಿನವರ ಅಂಕದ ಮುಂದೆ ಸಪ್ಪೆಯಾಗಿ ಕಾಣುತ್ತವೆ, ಅದಕ್ಕೆ ಏನೂ ಮಾಡಲಾಗುವುದಿಲ್ಲ. ಸೀಟು ಸಿಗದಿದ್ದರೆ ಮ್ಯಾನೇಜ್‌ಮೆಂಟ್ ಕೋಟಾ ಇದೆ, ಫೀಸು ಹಲವು ಪಟ್ಟು. ಹಳೆಯ ಮಾರ್ಕ್ಸ್ ಕಾರ್ಡ್, ಘಟಿಕೋತ್ಸವ ಪ್ರಮಾಣಪತ್ರ, ಜಾತಿ ಆದಾಯ ಪ್ರಮಾಣಪತ್ರ, ಕನ್ನಡ ಮಾಧ್ಯಮ ಅಥವಾ ಗ್ರಾಮೀಣ ವ್ಯಾಸಂಗದ ದೃಢೀಕರಣ ಇವನ್ನೆಲ್ಲ ಅರ್ಜಿ ಕರೆಯುವ ಮುಂಚೆಯೇ ಜೋಡಿಸಿ. ಇಪ್ಪತ್ತೈದು ವರ್ಷ ಹಿಂದೆ ಓದಿದ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತರುವುದು ಒಂದು ದಿನದ ಕೆಲಸವಲ್ಲ. ಮದುವೆಯಾದ ಮೇಲೆ ಹೆಸರು ಬದಲಾದವರು ಆಧಾರ್, ಎಸ್ಸೆಸ್ಸೆಲ್ಸಿ ಕಾರ್ಡ್ ಎರಡರಲ್ಲೂ ಹೆಸರು ತಾಳೆಯಾಗುತ್ತದಾ ನೋಡಿಕೊಳ್ಳಿ.

ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಇದೆಯಾ ಎಂದು ಎನ್‌ಸಿಟಿಇ ಜಾಲತಾಣದ ದಕ್ಷಿಣ ವಲಯದ ಪಟ್ಟಿಯಲ್ಲಿ ನೀವೇ ನೋಡಿ. ಗೋಡೆಗೆ ನೇತುಹಾಕಿದ ಪ್ರಮಾಣಪತ್ರದ ಫೋಟೊ ಸಾಲದು.

ಇನ್ನು ಮೋಸಗಳ ವಿಚಾರ. ‘ನಾನ್ ಅಟೆಂಡಿಂಗ್ ಬಿ.ಇಡಿ.’ ಎಂದು ಪಿಸುಗುಟ್ಟುವ ಏಜೆಂಟರು ನಮ್ಮ ವಯಸ್ಸಿನವರನ್ನೇ ಹುಡುಕುತ್ತಾರೆ. ಕೆಲಸ ಬಿಡಬೇಕಿಲ್ಲ, ಪರೀಕ್ಷೆಗೆ ಬಂದರೆ ಸಾಕು, ಬೇರೆ ರಾಜ್ಯದ ಕಾಲೇಜು ಅನ್ನುತ್ತಾರೆ. ನಿಯಮದ ಪ್ರಕಾರ ತರಗತಿಗೆ ಶೇ. 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಾತಿ ಬೇಕು. ಅದೇ ಎರಡು ವರ್ಷ ನೀವು ಇಲ್ಲಿನ ಕಂಪನಿಯಿಂದ ಸಂಬಳ ತೆಗೆದುಕೊಂಡ ದಾಖಲೆ ಪಿಎಫ್ ಖಾತೆಯಲ್ಲಿ ಕೂತಿರುತ್ತದೆ. ದಾಖಲೆ ಪರಿಶೀಲನೆಯ ದಿನ ಏನುತ್ತರ ಕೊಡುತ್ತೀರಿ?

ದೂರಶಿಕ್ಷಣದ ಬಿ.ಇಡಿ. ಮೋಸವಲ್ಲ, ಆದರೆ ಅದು ನಿಮಗಲ್ಲ. ಇಗ್ನೊ ಆಗಲಿ, ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಆಗಲಿ, ಅದು ಈಗಾಗಲೇ ಡಿ.ಇಎಲ್.ಇಡಿ. ಥರದ ತರಬೇತಿ ಪಡೆದವರಿಗೆ. ಹೊರಗಿನಿಂದ ಬರುವವರಿಗೆ ರೆಗ್ಯುಲರ್ ಕಾಲೇಜೇ ಗತಿ. ಒಂದು ವರ್ಷದ ಬಿ.ಇಡಿ. ಬಂದೇಬಿಟ್ಟಿತು ಎಂಬ ಸುದ್ದಿಯನ್ನೂ ಕೇಳಿರುತ್ತೀರಿ. 2025ರ ಫೆಬ್ರುವರಿಯಲ್ಲಿ ಎನ್‌ಸಿಟಿಇ ಹೊರಡಿಸಿದ ಕರಡಿನಲ್ಲಿ ಸ್ನಾತಕೋತ್ತರ ಅಥವಾ ನಾಲ್ಕು ವರ್ಷದ ಪದವಿ ಇದ್ದವರಿಗೆ ಅಂಥದ್ದೊಂದು ಇತ್ತು. ನಿಮ್ಮ ಕಾಲೇಜಿನ ಮಾನ್ಯತಾ ಪತ್ರದಲ್ಲಿ ಆ ಕೋರ್ಸಿನ ಹೆಸರು ಕಣ್ಣಾರೆ ಕಂಡರೆ ಸರಿ, ಇಲ್ಲದಿದ್ದರೆ ಫೀಸು ಕಟ್ಟಬೇಡಿ.

6. ಆ ಎರಡು ವರ್ಷ

ಮೊದಲ ದಿನ ಹುಡುಗಿಯರು ನಿಮ್ಮನ್ನು ಲೆಕ್ಚರರ್ ಎಂದುಕೊಂಡು ಎದ್ದು ನಿಲ್ಲುತ್ತಾರೆ. ಎರಡನೇ ವಾರ ‘ಅಕ್ಕಾ’ ಎನ್ನುತ್ತಾರೆ. ಗಂಡಸರಿಗೆ ‘ಅಂಕಲ್’ ಎಂದು ಬಿರುದು ಸಿಕ್ಕರೂ ಬೇಜಾರು ಮಾಡಿಕೊಳ್ಳಬೇಡಿ. ಅವರಿಂದ ಚಾರ್ಟ್ ಬರೆಯುವುದು, ಹಾಡಿಸುವುದು, ಮೊಬೈಲಿನಲ್ಲಿ ವಿಡಿಯೊ ಎಡಿಟ್ ಮಾಡುವುದು ಕಲಿಯಬಹುದು. ಅವರು ನಿಮ್ಮಿಂದ ರೆಕಾರ್ಡ್ ಸಮಯಕ್ಕೆ ಮುಗಿಸುವುದನ್ನು ಕಲಿಯುತ್ತಾರೆ.

ಥಿಯರಿ ಪೇಪರುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಕ್ಕಳು ಹೇಗೆ ಕಲಿಯುತ್ತಾರೆ ಎಂದು ಹೇಳಿದ ಮನಶ್ಶಾಸ್ತ್ರಜ್ಞರಾದ ಪಿಯಾಜೆ, ವೈಗೋಟ್‌ಸ್ಕಿ ಇವರನ್ನು ಸುಮ್ನೆ ಬಾಯಿಪಾಠ ಮಾಡದೆ ಓದಿ, ಟಿಇಟಿಯಲ್ಲೂ ಅವರೇ ಎದುರಾಗುತ್ತಾರೆ. ಮುಖ್ಯವಾದದ್ದು ಕಲಿಸುವ ಅಭ್ಯಾಸ. ಮೊದಲು ಮೈಕ್ರೊ ಟೀಚಿಂಗ್: ಸಹಪಾಠಿಗಳೇ ಮಕ್ಕಳಾಗಿ ಕೂರುತ್ತಾರೆ, ನೀವು ಆರೇಳು ನಿಮಿಷ ಒಂದೇ ಕೌಶಲ ತೋರಿಸಬೇಕು. ಪ್ರಶ್ನೆ ಕೇಳುವುದು ಒಂದು ದಿನ, ಕಪ್ಪುಹಲಗೆ ಬಳಸುವುದು ಇನ್ನೊಂದು ದಿನ. ಮೂವತ್ತು ಜನರ ತಂಡ ನಡೆಸಿದವರಿಗೆ ಇದು ಮಕ್ಕಳಾಟ ಅನಿಸಬಹುದು. ಆದರೆ ಪ್ರಶ್ನೆ ಕೇಳಿ ಮೂರು ಸೆಕೆಂಡು ಸುಮ್ಮನಿರಿ ಎಂದರೆ ನಮ್ಮಲ್ಲಿ ಯಾರಿಗೂ ಆಗುವುದಿಲ್ಲ, ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ.

ಕಪ್ಪುಹಲಗೆಯನ್ನು ಸಸಾರ ಮಾಡಬೇಡಿ. ಎಡಮೇಲ್ಭಾಗದಿಂದ ಶುರು ಮಾಡಿ, ಹಲಗೆಯನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿಕೊಳ್ಳಿ: ಒಂದರಲ್ಲಿ ಮುಖ್ಯಾಂಶ, ನಡುವೆ ಲೆಕ್ಕ ಅಥವಾ ಚಿತ್ರ, ಬಲಕ್ಕೆ ಅಳಿಸಿ ಬರೆಯುವ ಕಚ್ಚಾ ಕೆಲಸ. ಕನ್ನಡದಲ್ಲಿ ಬರೆಯುವಾಗ ಸಾಲಿನ ನಡುವೆ ಜಾಗ ಬಿಡಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದರೆ ಹಿಂದಿನ ಬೆಂಚಿಗೆ ‘ಸಂಖ್ಯೆ’ ಹೋಗಿ ಏನೋ ಆಗಿರುತ್ತದೆ. ಬರೆಯುತ್ತಾ ಮಾತಾಡಬೇಡಿ, ದನಿ ಗೋಡೆಗೆ ಹೋಗುತ್ತದೆ.

ಶಾಲೆಗೆ ಕಳಿಸುವುದು ಒಟ್ಟು 20 ವಾರ: ಮೊದಲ ವರ್ಷ 4, ಎರಡನೇ ವರ್ಷ 16. ನಮ್ಮ ವಯಸ್ಸಿನವರ ನಿಜವಾದ ಪರೀಕ್ಷೆ ಈ 16 ವಾರ. ಇಲ್ಲಿ ಗೊತ್ತಾಗುವ ಒಂದು ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ವಿಷಯ ಚೆನ್ನಾಗಿ ಬಲ್ಲವರು ಎಡವುವುದೇ ಇಲ್ಲಿ.

ಆರನೇ ಅಥವಾ ಏಳನೇ ತರಗತಿ. ಹಲಗೆಯ ಮೇಲೆ 1/2 + 1/3 ಬರೆದಿದ್ದೀರಿ. ಒಬ್ಬ ಹುಡುಗಿ 2/5 ಎಂದು ಬರೆಯುತ್ತಾಳೆ. ನೀವು ತಕ್ಷಣ ಹೇಳುತ್ತೀರಿ: ತಪ್ಪು, ಲ.ಸಾ.ಅ. ತೆಗೆಯಬೇಕು, 2 ಮತ್ತು 3ಕ್ಕೆ 6. ಅವಳು ತಲೆ ಆಡಿಸಿ 5/6 ಎಂದು ತಿದ್ದಿಕೊಳ್ಳುತ್ತಾಳೆ. ನಾಳೆ ಮತ್ತೆ 2/5 ಬರೆಯುತ್ತಾಳೆ.

ಯಾಕೆ ಹಾಗೆ ಬರೆದೆ ಪುಟ್ಟೀ ಎಂದು ಕೇಳಿ ನೋಡಿ. ‘ಮಿಸ್, ಒಂದು ಟೆಸ್ಟ್‌ನಲ್ಲಿ 2ಕ್ಕೆ 1 ಬಂತು, ಇನ್ನೊಂದರಲ್ಲಿ 3ಕ್ಕೆ 1 ಬಂತು, ಒಟ್ಟು 5ಕ್ಕೆ 2 ಅಲ್ವಾ?’ ಎನ್ನಬಹುದು. ಅವಳ ಮಾತಿನಲ್ಲಿ ತಪ್ಪೇ ಇಲ್ಲ! ಅಂಕ ಕೂಡುವುದು ಹಾಗೆಯೇ. ತಪ್ಪಿರುವುದು ಭಿನ್ನರಾಶಿಯನ್ನು ಅಂಕದ ಹಾಗೆ ಓದಿದ್ದರಲ್ಲಿ. ಈಗ ಅವಳನ್ನೇ ಕೇಳಿ: 2/5 ಅಂದರೆ ಅರ್ಧಕ್ಕಿಂತ ಜಾಸ್ತಿಯಾ ಕಡಿಮೆಯಾ? ಕಡಿಮೆ. ಅರ್ಧಕ್ಕೆ ಇನ್ನೊಂದಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಯಿತು? ಆ ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡಿರಿ. ಅವಳ ಮುಖ ನೋಡುತ್ತಿರಿ.

ಆಮೇಲೆ ಒಂದೇ ಅಳತೆಯ ಎರಡು ಕಾಗದದ ಪಟ್ಟಿ ಕೊಡಿ. ಒಂದನ್ನು ಎರಡಾಗಿ ಮಡಚಲಿ, ಇನ್ನೊಂದನ್ನು ಮೂರಾಗಿ. ತುಂಡುಗಳು ಒಂದೇ ಗಾತ್ರದವಲ್ಲ, ಎಣಿಸಿ ಕೂಡಲಾಗುವುದಿಲ್ಲ ಎಂದು ಕಣ್ಣಿಗೇ ಕಾಣುತ್ತದೆ. ಎರಡನ್ನೂ ಆರು ಮಡಿಕೆಗೆ ತಂದರೆ ಅರ್ಧದಲ್ಲಿ 3, ಮೂರನೇ ಒಂದರಲ್ಲಿ 2. ಒಟ್ಟು ಆರರಲ್ಲಿ 5. ಲ.ಸಾ.ಅ. ಎಂಬ ಮಾತು ಈಗ ಬರಲಿ. ಈ ಪಾಠಕ್ಕೆ ಒಂದು ಪೀರಿಯಡ್ ಪೂರ್ತಿ ಹೋಗುತ್ತದೆ. ಹೋಗಲಿ. ಮಗು ಏನು ಯೋಚಿಸಿ ತಪ್ಪು ಮಾಡಿತು ಎಂದು ಹುಡುಕುವ ತಾಳ್ಮೆ ನಡುವಯಸ್ಸಿನವರಿಗೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಅಡ್ಡ ಬರುವುದು ನಮ್ಮ ವೇಗ. ಬೇಗ ಮುಗಿಸಿ ಮುಂದೆ ಹೋಗುವುದನ್ನೇ ಇಷ್ಟು ವರ್ಷ ಮಾಡಿಕೊಂಡು ಬಂದಿರುತ್ತೇವೆ ಅಲ್ವಾ.

ಇಂಟರ್ನ್‌ಶಿಪ್ ಶಾಲೆಯಲ್ಲಿ ಪಾಠ ಮಾಡಿ ಸ್ಟಾಫ್ ರೂಮಿಗೆ ಹೋಗಿ ಕೂರಬೇಡಿ. ಹಾಜರಿ ಪುಸ್ತಕ, ಇಲಾಖೆಯ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಮಕ್ಕಳ ವಿವರ ತುಂಬುವುದು, ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನದ ಅಂಕ ಏರಿಸುವುದು, ಅಕ್ಷರ ದಾಸೋಹದ (ಬಿಸಿಯೂಟ) ಲೆಕ್ಕ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಇವೆಲ್ಲ ಹೇಗೆ ನಡೆಯುತ್ತವೆ ನೋಡಿ. ಟೀಚರ ದಿನದಲ್ಲಿ ಪಾಠ ಒಂದು ಭಾಗ ಮಾತ್ರ. ಇದು ಗೊತ್ತಾಗಿ ಹಿಂದೆ ಸರಿದವರೂ ಇದ್ದಾರೆ.

7. ಟಿಇಟಿ

1ರಿಂದ 8ರವರೆಗೆ ಕಲಿಸುವವರಿಗೆ ಇದು ಬೇಕು. 5ರವರೆಗೆ ಪತ್ರಿಕೆ-1, 6ರಿಂದ 8ಕ್ಕೆ ಪತ್ರಿಕೆ-2. ನಿಮಗೆ ಬಹುಶಃ ಎರಡನೆಯದು. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರಕ್ಕೆ 30, ಎರಡು ಭಾಷೆಗೆ 30-30, ಉಳಿದ 60 ಗಣಿತ-ವಿಜ್ಞಾನ ಅಥವಾ ಸಮಾಜ ವಿಜ್ಞಾನಕ್ಕೆ. ಸಾಮಾನ್ಯ ವರ್ಗದವರು ಶೇ. 60, ಅಂದರೆ 90 ಅಂಕ ತೆಗೆಯಬೇಕು. ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ. ಮೊದಲು 7 ವರ್ಷ ಮಾತ್ರ ಇತ್ತು, 2021ರಲ್ಲಿ ಬದಲಾಯಿತು.

ಗಣಿತದವರಿಗೆ ಜೀವಶಾಸ್ತ್ರ ಕೈಕೊಡುತ್ತದೆ, ಇಂಗ್ಲಿಷ್ ಮಾಧ್ಯಮದವರಿಗೆ ಕನ್ನಡ ವ್ಯಾಕರಣ. ಗೈಡು ಕೊಳ್ಳುವ ಮುಂಚೆ 6, 7, 8ರ ಪಠ್ಯಪುಸ್ತಕ ಮುಗಿಸಿ. ಬಿ.ಇಡಿ. ಓದುತ್ತಿರುವಾಗಲೇ ಬರೆಯಬಹುದು, ಯಾವ ಹಂತದಿಂದ ಎಂಬುದನ್ನು ಆ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಸಿಬಿಎಸ್‌ಇ ನಡೆಸುವ ಕೇಂದ್ರದ ಟಿಇಟಿಯನ್ನೂ (ಸಿಟಿಇಟಿ) ಬರೆದಿಡಿ. ಖಾಸಗಿಯವರು ಟಿಇಟಿ ಕೇಳಲ್ಲ ಬಿಡಿ ಎಂಬ ಮಾತು ಈಗ ಹಳೆಯದಾಗುತ್ತಿದೆ. ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಉಳಿದಿರುವ, ಈಗಾಗಲೇ ಕೆಲಸದಲ್ಲಿರುವ ಟೀಚರುಗಳೂ 2 ವರ್ಷದೊಳಗೆ ಪಾಸಾಗಬೇಕು ಎಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ಹೇಳಿದೆ.

8. ಡೆಮೊ ಮತ್ತು ಸಂಬಳದ ಮಾತು

ಖಾಸಗಿ ಶಾಲೆಗಳು ಜನರನ್ನು ಹುಡುಕುವುದು ಹೆಚ್ಚಾಗಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ನಡುವರ್ಷದಲ್ಲಿ ಯಾರಾದರೂ ಬಿಟ್ಟುಹೋದಾಗಲೂ ಸಿಗುತ್ತದೆ. ದಸರಾ ರಜೆಯ ಹೊತ್ತಿಗೆ ಒಮ್ಮೆ ವಿಚಾರಿಸಿ.

ಬಯೊಡೇಟಾದಲ್ಲಿ ಹಳೆಯ ನೌಕರಿಯ ಪ್ರತಾಪ ಅರ್ಧ ಪುಟಕ್ಕೆ ನಿಲ್ಲಲಿ. ‘ಇಷ್ಟು ಒಳ್ಳೆ ಕೆಲಸ ಬಿಟ್ಟು ಯಾಕೆ ಬಂದಿರಿ’ ಎಂದು ಕೇಳೇ ಕೇಳುತ್ತಾರೆ. ಒಂದು ವರ್ಷಕ್ಕೆ ಬೇಜಾರಾಗಿ ಓಡಿಹೋಗುತ್ತಾರೆ ಎಂಬ ಅನುಮಾನ ಅವರದು. ಆ ವಾರಕ್ಕೊಂದು ಪೀರಿಯಡ್ ಪುಕ್ಕಟೆ ಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಡೆಮೊಗೆ, ಅಂದರೆ ಪಾಠ ಮಾಡಿ ತೋರಿಸುವುದಕ್ಕೆ, 15-20 ನಿಮಿಷ ಸಿಕ್ಕರೆ ಸಣ್ಣ ಭಾಗ ತೆಗೆದುಕೊಳ್ಳಿ. ಮಕ್ಕಳಿಂದ ಏನಾದರೂ ಮಾಡಿಸಿ. ಹಿಂದೆ ಕೂತ ಪ್ರಿನ್ಸಿಪಾಲರ ಕಡೆ ನೋಡುತ್ತಾ ಪಾಠ ಮಾಡಬೇಡಿ.

ಸಂಬಳದ ಮಾತು ಬಂದಾಗ ಸಂಕೋಚ ಬಿಡಿ. ಇವನ್ನು ಬಾಯಿಬಿಟ್ಟು ಕೇಳಿ: ಏಪ್ರಿಲ್, ಮೇ ತಿಂಗಳ ಸಂಬಳ ಬರುತ್ತದಾ, ಅಥವಾ 10 ತಿಂಗಳದ್ದು ಮಾತ್ರವಾ? ಪೂರ್ತಿ ಸಂಬಳ ಬ್ಯಾಂಕಿಗೇ ಹಾಕುತ್ತೀರಾ? ಪಿಎಫ್ ಇದೆಯಾ? ವಾರಕ್ಕೆ ಎಷ್ಟು ಪೀರಿಯಡ್, ಬೇರೆಯವರು ರಜೆ ಹಾಕಿದಾಗ ಎಷ್ಟು ಕ್ಲಾಸು ನನ್ನ ತಲೆಗೆ? ಅಡ್ಮಿಷನ್ ಸಮಯದಲ್ಲಿ ಮನೆ ಮನೆಗೆ ಹೋಗಿ ಮಕ್ಕಳನ್ನು ಸೇರಿಸುವ ಕೆಲಸ ಇದೆಯಾ? ಮೂಲ ಮಾರ್ಕ್ಸ್ ಕಾರ್ಡುಗಳನ್ನು ಕೊಟ್ಟಿರಿ ಎಂದರೆ ಕೊಡಬೇಡಿ, ತೋರಿಸಿ ನಕಲು ಕೊಡಿ. ಐದು ವರ್ಷ ಪೂರೈಸಿದ ಖಾಸಗಿ ಶಾಲೆ ಟೀಚರಿಗೂ ಗ್ರಾಚ್ಯುಟಿ ಸಿಗಬೇಕು. ಗ್ರಾಚ್ಯುಟಿ ಕಾಯ್ದೆಯ 2009ರ ತಿದ್ದುಪಡಿ ಅದನ್ನು 1997ರಿಂದಲೇ ಅನ್ವಯಿಸಿದೆ, ಸುಪ್ರೀಂ ಕೋರ್ಟೂ 2022ರಲ್ಲಿ ಎತ್ತಿಹಿಡಿದಿದೆ. ಸೇರಿದ ತಾರೀಕು ಬರೆದ ನೇಮಕಾತಿ ಪತ್ರ ಇಲ್ಲದಿದ್ದರೆ ಆ ದಿನ ನಿಮ್ಮ ಕೈಯಲ್ಲಿ ಪುರಾವೆ ಇರುವುದಿಲ್ಲ. ಹಾಗಾಗಿ ಜೂನ್ ಮೊದಲ ವಾರ ಟೈಮ್‌ಟೇಬಲ್ ಕೈಗೆ ಬರುವ ಮುಂಚೆಯೇ ಪತ್ರ ಕೇಳಿ ಪಡೆಯಿರಿ. ನಾಳೆ ಕೊಡುತ್ತೇವೆ ಎಂದರೆ ನಾಳೆಯೂ ಕೇಳಿ.